ನನ್ನ ಹತ್ತನೇ ಮಷೀನು ಯಾಕೆ ಖಾಲಿ ಐತೆ ಅಂದ್ರೆ: ಬಳ್ಳಾರಿಯಿಂದ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ,

ಬಳ್ಳಾರಿ ಕೌಲ್ ಬಜಾರಿಂದ ಒಬ್ಬ ಜೀನ್ಸ್ ಹೊಲಿಯೋನ ನಮಸ್ಕಾರ.

2010ರಲ್ಲಿ ನೀವು ಬೆಂಗಳೂರಿಂದ ನಮ್ಮೂರಿಗೆ ಪಾದಯಾತ್ರೆ ಬಂದ್ರಲ್ಲ ಸಾಹೇಬ್ರೆ, ಆವಾಗ ನಾನು ಇನ್ನೊಬ್ರ ಶೆಡ್ಡಲ್ಲಿ ಪೀಸ್ ಲೆಕ್ಕದಲ್ಲಿ ಪ್ಯಾಂಟಿಗೆ ಬೆಲ್ಟ್ ಹಚ್ಚೋ ಟೇಲರ್ ಆಗಿದ್ದೆ, ಮಧ್ಯಾಹ್ನ ಮಷೀನ್ ಬಿಟ್ಟು ನಿಮ್ಮನ್ನ ನೋಡಕ್ಕೆ ಓಡಿ ಬಂದಿದ್ದೆ, ಅರ್ಧ ದಿನದ ಪೀಸ್ ಹೋಯ್ತು ಅಂತ ಮನೇಲಿ ಬೈಸ್ಕಂಡಿದ್ದೂ ನೆನಪೈತೆ. ಈಗ ನಂದೇ ಒಂದು ಶೆಡ್ ಐತೆ. ಬಾಡಿಗೆದು. ಮೇಲೆ ತಗಡು, ಏಪ್ರಿಲ್ ಮೇ ತಿಂಗಳಲ್ಲಿ ಒಳಗೆ ಕೂತ್ರೆ ಮಿರ್ಚಿ ಬಾಣಲೆ ಪಕ್ಕ ಕೂತಂಗೆ. ಒಳಗೆ ಹತ್ತು ಮಷೀನ್ ಅದಾವೆ, ಒಂಬತ್ತು ಓಡ್ತಾವೆ, ಹತ್ತನೇದಕ್ಕೆ ಹಳೇ ಲುಂಗಿ ಹೊದಿಸಿಟ್ಟೀನಿ, ಓಣಿ ಬೆಕ್ಕು ಅದರ ಮೇಲೆ ಮಲಗ್ತೈತೆ.

ಕೆಟ್ಟಿಲ್ಲ ಅದು. ಡಬಲ್ ನೀಡಲ್, ಸೆಕೆಂಡ್ ಹ್ಯಾಂಡಲ್ಲಿ ತಗಂಡಿದ್ದು, ಎಣ್ಣೆ ಬಿಟ್ಟು ಕರೆಂಟ್ ಕೊಟ್ರೆ ಈಗ್ಲೂ ಗುಯ್ಯ್ ಅಂತ ಓಡ್ತೈತೆ. ಅದನ್ನ ಓಡ್ಸೋ ಟೇಲರ್ರೂ ಊರಲ್ಲಿ ಅದಾರೆ, ಸೀಸನ್ ಬಂದ್ರೆ ಸೇಠುಗಳು ಮಾಲೂ ಕೊಡ್ತಾರೆ. ಆದ್ರೂ ಅದು ಖಾಲಿ ಐತೆ, ಬೇಕಂತಲೇ ಖಾಲಿ ಇಟ್ಟೀನಿ. ಯಾಕೆ ಅಂತ ನೀವೂ ಕೇಳಿಲ್ಲ, ನಿಮ್ಮ ಅಧಿಕಾರಿಗಳೂ ಕೇಳಿಲ್ಲ, ಅದಕ್ಕೇ ನಾನೇ ಬರೀತಾ ಇದೀನಿ, ಕಾಗುಣಿತ ತಪ್ಪಿದ್ರೆ ಹೊಟ್ಟೆಗಾಕ್ಕಳ್ರಿ, ನಾನು ಓದಿದ್ದು ಎಂಟನೇ ಕ್ಲಾಸು.

ಕರೆಂಟ್ ಮೇಲೆ ಮಷೀನ್ ಓಡ್ಸೋ ಜಾಗದಲ್ಲಿ 10 ಜನ ಕೆಲ್ಸಕ್ಕಿದ್ರೆ ಅದು ಫ್ಯಾಕ್ಟರಿ ಅಂತ 1948ರ ಕಾಯ್ದೆ ಹೇಳ್ತಿತ್ತು. 10 ಆದ್ರೆ ಇಎಸ್‌ಐ ಅಂದ್ರೆ ಕೆಲ್ಸಗಾರರ ಆರೋಗ್ಯ ವಿಮೆ, 20 ಆದ್ರೆ ಪಿಎಫ್. ಕಾಯ್ದೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅದನ್ನ ಮುಂದೆ ಹೇಳ್ತೀನಿ. ಆದ್ರೆ ನಮ್ಮ ದಂಧೆ ಹೆಂಗಂದ್ರೆ ದಸರಾ ದೀಪಾವಳಿಗೆ, ರಂಜಾನಿಗೆ, ಯುಗಾದಿಗೆ ಮಾಲು ಮೇಲೆ ಮಾಲು, ಆವಾಗ 14 ಜನ ಇದ್ರೂ ಸಾಲಲ್ಲ, ರಾತ್ರಿ ಹನ್ನೊಂದು ಆಗ್ತೈತೆ, ಆಮೇಲೆ ಒಂದೂವರೆ ಎರಡು ತಿಂಗಳು ನೊಣ ಹೊಡೀತಾ ಕೂರೋದು, ಐದಾರು ಜನಕ್ಕೆ ಕೆಲ್ಸ ಕೊಟ್ರೆ ಅದೇ ದೊಡ್ದು. ಇಎಸ್‌ಐ ಕಥೆ ಏನಂದ್ರೆ ಒಂದ್ಸಲ 10 ಮುಟ್ಟಿ ಒಳಗೆ ಹೋದ್ರೆ ಮುಗೀತು, ಆಮೇಲೆ ಜನ ಐದಕ್ಕೆ ಇಳಿದ್ರೂ ಹೊರಗೆ ಬರಂಗಿಲ್ಲ. ಅಂದ್ರೆ ರಂಜಾನ್ ತಿಂಗಳಲ್ಲಿ ನಾಲ್ಕು ಜನ ಜಾಸ್ತಿ ಕೂಡ್ಸಿದ ತಪ್ಪಿಗೆ ವರ್ಷಪೂರ್ತಿ ರಿಜಿಸ್ಟರು, ಚಲನ್ನು, ರಿಟರ್ನು, ಅದನ್ನ ತುಂಬಕ್ಕೆ ಒಬ್ಬ ಅಕೌಂಟೆಂಟು, ಅವನಿಗೆ ತಿಂಗಳ ಫೀಸು. ಅದಕ್ಕೇ ಒಂಬತ್ತಕ್ಕೆ ನಿಂತಿದೀನಿ.

ಪೂರ್ತಿ ನಿಂತಿಲ್ಲ, ಸುಳ್ಳ್ಯಾಕೆ ಹೇಳ್ಲಿ. ಪಕ್ಕದ ಓಣಿಯಲ್ಲಿ ನಮ್ಮ ಮನೆಯಾಕಿ ಹೆಸರಲ್ಲಿ ಇನ್ನೊಂದು ಸಣ್ಣ ಶೆಡ್ಡು ಮಾಡೀನಿ, ಅಲ್ಲಿ ಐದು ಮಷೀನು. ಎರಡು ಬೋರ್ಡು, ಎರಡು ಬಾಡಿಗೆ, ಎರಡು ಮೀಟರು, ಬೀಗದ ಕೈ ಗೊಂಚಲು ಮಾತ್ರ ಒಂದೇ. ಇಲ್ಲಿ ಕಾಲು ಹೊಲಿದ ಪ್ಯಾಂಟನ್ನ ಗಂಟು ಕಟ್ಟಿ ಟಿವಿಎಸ್ ಮೇಲೆ ಹಾಕ್ಕಂಡು ಅಲ್ಲಿಗೆ ಒಯ್ದು ಲೂಪು ಹಚ್ಚಿಸಿ, ಕಾಜಾ ಹಾಕ್ಸಿ ವಾಪಸ್ ತರೋದು, ಮಳೆ ಬಂದ್ರೆ ಗಂಟು ನೆನೀತೈತೆ, ಬಣ್ಣ ಬಿಟ್ಟು ಪಾಕೆಟ್ ಬಟ್ಟೆ ನೀಲಿ ಆಗ್ತೈತೆ, ಸೇಠು ಪೀಸಿಗೆ ಇಷ್ಟು ಅಂತ ಹಿಡ್ಕಂತಾನೆ. ಒಂದೇ ಸೂರಿನ ಕೆಳಗೆ ಮಾಡೋ ಕೆಲ್ಸನ ಎರಡು ಕಡೆ ಹಂಚಿ ದುಡ್ಡು ಕಳ್ಕಳೋದು ದಡ್ಡತನ ಅಂತ ನಂಗೂ ಗೊತ್ತು. ನಮ್ಮೂರಲ್ಲಿ ಈ ದಡ್ಡತನ ಮಾಡಿರೋನು ನಾನೊಬ್ಬನೇ ಅಲ್ಲ. ಯಾರನ್ನ ಕೇಳಿದ್ರೂ ಹೆಂಡ್ತಿ ಹೆಸರಲ್ಲಿ ಒಂದು, ತಮ್ಮನ ಹೆಸರಲ್ಲಿ ಒಂದು, ಒಬ್ಬ ಪುಣ್ಯಾತ್ಮ ತೀರ್ಕಂಡ ಅಪ್ಪನ ಹೆಸರಲ್ಲಿ ಬೋರ್ಡು ಇನ್ನೂ ಇಟ್ಕಂಡಿದಾನೆ.

ಹಂಗಂತ ಇಎಸ್‌ಐ ಬೇಡ ಅನ್ನೋ ಜಾತಿಯವನಲ್ಲ ನಾನು. ಹೋದ ವರ್ಷ ನಮ್ಮ ಹುಡುಗ ಒಬ್ಬ ಬಾರ್‌ಟ್ಯಾಕ್ ಮಷೀನಲ್ಲಿ ಲೂಪ್ ಹಚ್ತಾ ಇದ್ದಾಗ ಸೂಜಿ ಬೆರಳಲ್ಲಿ ಇಳೀತು. ಉಗುರಿನ ಮೇಲಿಂದ ಕೆಳಗೆ, ಒಳಗೇ ಮುರೀತು. ಹುಡುಗ ಅಳ್ಲಿಲ್ಲ, ಬೆರಳು ಹಿಡ್ಕಂಡು ನನ್ನ ಮುಖ ನೋಡ್ತಾ ನಿಂತ, ಆ ನೋಟ ಈಗ್ಲೂ ಕಣ್ಣಿಗೆ ಕಟ್ಟಿದಂಗೈತೆ. ಖಾಸಗಿ ಆಸ್ಪತ್ರೆಗೆ ಕರ್ಕಂಡು ಹೋದೆ, ಒಳಗೆ ಹೋಗೋಕೆ ಮುಂಚೆ ಅಡ್ವಾನ್ಸ್ ಕಟ್ಟು ಅಂದ್ರು, ಎಕ್ಸ್‌ರೇ, ಸೂಜಿ ತೆಗೆದಿದ್ದು, ಮಾತ್ರೆ ಎಲ್ಲಾ ಸೇರಿ ಏಳು ಸಾವಿರದ ಮೇಲೆ ಹೋಯ್ತು, ನಾನೇ ಕೊಟ್ಟೆ, ಆದ್ರೆ ಅವ್ನು ಹನ್ನೆರಡು ದಿನ ಮನೇಲಿ ಕೂತಿದ್ದಕ್ಕೆ ಕೂಲಿ ಪೂರ್ತಿ ಕೊಡಕ್ಕೆ ನಂಗಾಗ್ಲಿಲ್ಲ, ಅರ್ಧ ಕೊಟ್ಟೆ. ಇಎಸ್‌ಐ ಕಾರ್ಡ್ ಇದ್ದಿದ್ರೆ ಆಸ್ಪತ್ರೆನೂ ಫ್ರೀ, ಕೂತ ದಿನಕ್ಕೂ ದುಡ್ಡು ಬರ್ತಿತ್ತು. ಮಾಲೀಕಂದು ಸಂಬಳದ ಮೇಲೆ 3.25 ಪರ್ಸೆಂಟ್, ಕೆಲ್ಸಗಾರಂದು 0.75, ಅದು ದೊಡ್ಡ ದುಡ್ಡಲ್ಲ ಸಾಹೇಬ್ರೆ. ದುಡ್ಡಿಗೆ ನಾವು ಅಂಜಿಲ್ಲ. ಅಂಜಿದ್ದು ಕಾಗದಕ್ಕೆ, ಆ ಕಾಗದ ನೋಡಕ್ಕೆ ಬರೋರಿಗೆ, ಒಂದ್ಸಲ ಬಂದೋರು ಇನ್ನೊಂದ್ಸಲ ಬಂದ್ರೆ ಏನ್ ಕೇಳ್ತಾರೋ ಅನ್ನೋದಕ್ಕೆ.

2025ರ ನವೆಂಬರ್ 21ಕ್ಕೆ ಕೇಂದ್ರದವರು ನಾಲ್ಕು ಲೇಬರ್ ಕೋಡ್, ಅಂದ್ರೆ ಹೊಸ ಕಾರ್ಮಿಕ ಕಾಯ್ದೆ, ಜಾರಿ ಮಾಡಿದ್ರು, ಅದರಲ್ಲಿ ಫ್ಯಾಕ್ಟರಿ ಅನ್ಸ್ಕಳಕ್ಕೆ 10ರ ಬದ್ಲು 20 ಜನ ಅಂತ ಆಗೈತೆ, ಇಎಸ್‌ಐ ಮಾತ್ರ 10ಕ್ಕೇ ನಿಂತೈತೆ. ಸರಿ, ಅದನ್ನೂ 20 ಮಾಡಿದ್ರೆ ನನ್ನ ಬೆಕ್ಕು ಹತ್ತನೇ ಮಷೀನಿಂದ ಎದ್ದು ಇಪ್ಪತ್ತನೇದರ ಮೇಲೆ ಮಲಗ್ತೈತೆ ಅಷ್ಟೇ. ಗೆರೆ ಎಲ್ಲಿ ಎಳೆದ್ರೂ ನಾವು ಗೆರೆಗಿಂತ ಒಂದು ಹೆಜ್ಜೆ ಹಿಂದೆ ನಿಲ್ತೀವಿ. ಇದು ಕೇಂದ್ರದ್ದು, ನಂಗೇನ್ ಹೇಳ್ತೀಯಪ್ಪ ಅಂತ ನೀವು ಅನ್ನಬಹುದು. ಕೋಡಿಗೆ ರಾಜ್ಯದ ನಿಯಮ ಬರೆಯೋದು ನಿಮ್ಮ ಕಾರ್ಮಿಕ ಇಲಾಖೆ, ಫ್ಯಾಕ್ಟರಿ ತಪಾಸಣೆಗೆ ಬರೋರೂ ನಿಮ್ಮೋರೇ, ಅದಕ್ಕೇ ನಿಮಗೆ ಬರೀತಿದೀನಿ.

ಇನ್ನು ಟ್ಯಾಕ್ಸಿನ ಮಾತು. ಒಂದು ಪ್ಯಾಂಟ್ ಹೊಲಿದ್ರೆ ನಂಗೆ ಸಿಗೋದು 85 ರೂಪಾಯಿ. ಬಟ್ಟೆ, ಜಿಪ್ಪು, ಬಟನ್ನು ಸೇಠಿನವು, ದಾರ ಸೂಜಿ ನಂದು. ಆ 85ರಲ್ಲಿ ಟೇಲರ್ರಿಗೆ, ಹೆಲ್ಪರಿಗೆ, ದಾರ ಕತ್ತರಿಸೋ ಹೆಣ್ಮಕ್ಕಳಿಗೆ ಎಲ್ಲಾ ಸೇರಿ 54 ಹೋಗ್ತೈತೆ, ದಾರ ಸೂಜಿಗೆ 9, ಕರೆಂಟಿಗೆ 7, ಬಾಡಿಗೆಗೆ 5, ಉಳಿಯೋದು 10, ಅದೂ ಪೀಸ್ ರಿಜೆಕ್ಟ್ ಆಗದೇ ಇದ್ರೆ. ಈಗ ನೋಡ್ರಿ, ದಿನಕ್ಕೆ 80 ಪ್ಯಾಂಟ್ ಅಂದ್ರೆ 6,800, ವರ್ಷಕ್ಕೆ 300 ದಿನ ಅಂದ್ರೆ 20 ಲಕ್ಷ 40 ಸಾವಿರ. ಜಾಬ್‌ವರ್ಕ್ ಅಂದ್ರೆ ಇನ್ನೊಬ್ರ ಬಟ್ಟೆ ಹೊಲಿದು ಕೊಡೋದು, ಅದು ಸೇವೆ ಅಂತ ಲೆಕ್ಕ, ಸೇವೆಗೆ ಜಿಎಸ್‌ಟಿ ಮಿತಿ 20 ಲಕ್ಷ. ದಿನಕ್ಕೆ 80 ಪ್ಯಾಂಟ್ ಹೊಲಿದೋನು ನಿಮ್ಮ ಕಂಪ್ಯೂಟರ್ ಕಣ್ಣಲ್ಲಿ 20 ಲಕ್ಷದ ಪಾರ್ಟಿ, ಅವ್ನ ಜೇಬಲ್ಲಿ ಉಳಿದಿದ್ದು ವರ್ಷಕ್ಕೆ 2 ಲಕ್ಷ 40 ಸಾವಿರ, ತಿಂಗಳಿಗೆ 20 ಸಾವಿರ. ಅಂಗಡಿಯಲ್ಲಿ ಮಾಲು ಕೊಂಡು ಮಾರೋನಿಗೆ ಮಿತಿ 40 ಲಕ್ಷ ಐತೆ, ಕೂಲಿ ಕೊಟ್ಟು ಹೊಲಿಸೋನಿಗೆ ಅದರ ಅರ್ಧ. ಇದರಲ್ಲಿ ಏನ್ ನ್ಯಾಯ ಐತೆ ನಂಗೆ ತಿಳೀಲಿಲ್ಲ. ನಂದು ಬರೋ 85ರಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ರ ಬರೀ ಕೂಲಿನೇ, ಕೂಲಿಗೆ ಬಿಲ್ಲೂ ಇಲ್ಲ, ಇನ್‌ಪುಟ್ ಕ್ರೆಡಿಟ್ಟೂ ಇಲ್ಲ, ಅಂದ್ರೆ ಕಟ್ಟೋ ಟ್ಯಾಕ್ಸಲ್ಲಿ ಮುರ್ಕಳಕ್ಕೆ ಏನೂ ಇಲ್ಲ.

ವೃತ್ತಿ ತೆರಿಗೆ ಇನ್ನೊಂದು ತಮಾಷೆ. ಸಂಬಳದೋರಿಗೆ ತಿಂಗಳಿಗೆ 25 ಸಾವಿರದ ಒಳಗಿದ್ರೆ ಇಲ್ಲ, ಒಳ್ಳೇದು, ಮಾಡ್ಬೇಕಾದ್ದೇ. ಆದ್ರೆ 20 ಸಾವಿರ ಉಳಿಸೋ ನಾನು ಜಿಎಸ್‌ಟಿ ನಂಬರ್ ಇರೋ ಮಾಲೀಕ ಆದ್ದರಿಂದ ವರ್ಷಕ್ಕೆ 2,500 ಕಟ್ಟಬೇಕು. ಕಟ್ತೀನಿ ಬಿಡ್ರಿ, ಅದು ಜಗಳ ಆಡೋ ಅಷ್ಟು ದುಡ್ಡಲ್ಲ, ಹೇಳ್ದೆ ಅಷ್ಟೇ.

2025ರ ಜುಲೈನಲ್ಲಿ ಆಗಿದ್ದು ಮಾತ್ರ ಮರೆಯಕ್ಕಾಗಲ್ಲ. ಯುಪಿಐ ಲೆಕ್ಕ ತೆಗೆದು ವಾಣಿಜ್ಯ ತೆರಿಗೆ ಇಲಾಖೆಯವರು ಸಾವಿರಾರು ಸಣ್ಣ ವ್ಯಾಪಾರದೋರಿಗೆ ನೋಟಿಸ್ ಕಳ್ಸಿದ್ರಲ್ಲ, ಹಾವೇರಿಯಲ್ಲಿ ತರಕಾರಿ ಮಾರೋನಿಗೆ 1.63 ಕೋಟಿ ವಹಿವಾಟು ಅಂತ ಹೇಳಿ 29 ಲಕ್ಷ ಕಟ್ಟು ಅಂದಿದ್ದು ಎಲ್ಲಾ ಕಡೆ ಬಂತು, ತರಕಾರಿಗೆ ತೆರಿಗೆನೇ ಇಲ್ಲ. ಆ ವಾರ ನಮ್ಮ ಶೆಡ್ ಎದ್ರು ಮಂಡಕ್ಕಿ ಒಗ್ಗರಣಿ ಮಿರ್ಚಿ ಮಾರೋ ಅಣ್ಣ ಗಾಡಿ ಮೇಲಿನ ಕ್ಯೂಆರ್ ಸ್ಟಿಕ್ಕರನ್ನ ಉಗುರಲ್ಲಿ ಕೆರೆದು ಕೆರೆದು ಕಿತ್ತ. ಅರ್ಧ ಬಂತು, ಅರ್ಧ ಗಾಜಿಗೇ ಅಂಟ್ಕಂಡಿತ್ತು, ಅದರ ಮೇಲೆ ಹಿಟ್ಟು ಮೆತ್ತಿದ ಕೈಯಲ್ಲೇ ಒಂದು ಹಾಳೆ ಅಂಟ್ಸಿದ, ಕ್ಯಾಷ್ ಮಾತ್ರ ಅಂತ. ಅವ್ನಿಗೆ ನೋಟಿಸ್ ಬಂದಿರ್ಲಿಲ್ಲ. ನಿಂಗ್ಯಾಕೋ ಭಯ ಅಂದ್ರೆ, ಬರೋ ಮುಂಚೆನೇ ಹೆದರಿಕೊಂಡ್ರೆ ಒಳ್ಳೇದು ಸಾಬ್ರೆ ಅಂದ. ಜುಲೈ 23ಕ್ಕೆ ನೀವು ಮೀಟಿಂಗ್ ಮಾಡಿ ಹಳೇ ಬಾಕಿ ವಸೂಲಿ ಮಾಡಲ್ಲ, ರಿಜಿಸ್ಟರ್ ಮಾಡ್ಸಿ ಅಂದ್ರಿ, ವ್ಯಾಪಾರದೋರು ಕರೆದಿದ್ದ ಬಂದ್ ನಿಲ್ತು, ಒಳ್ಳೇದಾಯ್ತು, ಅದಕ್ಕೆ ಕೈ ಮುಗೀತೀನಿ. ಆದ್ರೆ ಆ ಅಣ್ಣನ ಗಾಡಿ ಮೇಲೆ ಅರ್ಧ ಹರಿದ ಸ್ಟಿಕ್ಕರ್ ಇನ್ನೂ ಹಂಗೇ ಐತೆ, ಹೊಸದು ಬಂದಿಲ್ಲ, ನಮ್ಮ ಹುಡುಗರು ಸಾಯಂಕಾಲ ಚಿಲ್ಲರೆಗೆ ನನ್ನ ಹತ್ರ ಬರ್ತಾರೆ.

ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳೀತು ಅಂತ ಟಿವಿಯಲ್ಲಿ ಹಬ್ಬ ಮಾಡಿದ್ರು. ಬಟ್ಟೆಗೆ 2,500 ರೂಪಾಯಿ ತನಕ 5 ಪರ್ಸೆಂಟ್ ಅಂತ. ನಮ್ಮೂರ ಪ್ಯಾಂಟ್ ಹೋಲ್‌ಸೇಲಲ್ಲಿ ನಾಲ್ಕುನೂರು ಐನೂರು, ಸಾವಿರದ ಒಳಗೇ ಇದ್ದಿದ್ದು, ಅದಕ್ಕೆ ಮೊದಲಿಂದ್ಲೂ 5 ಪರ್ಸೆಂಟೇ. ಇಳಿದಿದ್ದು ಸಾವಿರದಿಂದ ಎರಡೂವರೆ ಸಾವಿರದ ಪ್ಯಾಂಟಿಗೆ, 12ರಿಂದ 5ಕ್ಕೆ. ಅಂದ್ರೆ ಶಾಪಿಂಗ್ ಮಾಲಲ್ಲಿ ಸಿಗೋ ಕಂಪನಿ ಪ್ಯಾಂಟು ಅಗ್ಗ ಆಯ್ತು, ಬಳ್ಳಾರಿ ಪ್ಯಾಂಟು ಇದ್ದಲ್ಲೇ ಇತ್ತು. ನಮ್ಮ ಮಾಲು ತಗಳೋನು ಇನ್ನೊಂದು ಇನ್ನೂರು ಹಾಕಿದ್ರೆ ಕಂಪನಿದೇ ಬರ್ತೈತಲ್ಲ ಅಂತ ಯೋಚ್ನೆ ಮಾಡ್ತಾನೆ. ಜಿಎಸ್‌ಟಿ ಕೌನ್ಸಿಲಲ್ಲಿ ಕರ್ನಾಟಕದಿಂದ ಕೃಷ್ಣ ಬೈರೇಗೌಡರು ಕೂರ್ತಾರೆ, ಚೆನ್ನಾಗಿ ಮಾತಾಡ್ತಾರೆ ಅಂತನೂ ಕೇಳೀನಿ, ರಾಜ್ಯದ ಆದಾಯಕ್ಕೆ ಎಷ್ಟು ಹೊಡ್ತ ಅಂತ ಅವರು ಅಲ್ಲಿ ಹೇಳ್ತಾರೆ, ಸರಿ, ಬಳ್ಳಾರಿ ಪ್ಯಾಂಟಿಗೆ ಎಷ್ಟು ಹೊಡ್ತ ಅಂತನೂ ಯಾರಾದ್ರೂ ಒಂದು ಮಾತು ಹಾಕಬೇಕಿತ್ತು.

ಈಗ ಪಾರ್ಕಿಗೆ ಬರ್ತೀನಿ. 2023ರ ಏಪ್ರಿಲಲ್ಲಿ ರಾಹುಲ್ ಗಾಂಧಿಯವರು ನಮ್ಮೂರಲ್ಲಿ ನಿಂತು 5,000 ಕೋಟಿ ಅಪಾರೆಲ್ ಪಾರ್ಕ್, ಬಳ್ಳಾರಿ ದೇಶದ ಜೀನ್ಸ್ ರಾಜಧಾನಿ ಅಂದ್ರು. ನಾವು ಓಟೂ ಹಾಕಿದ್ವಿ. ಆಮೇಲೆ ನಿಮ್ಮ ಬಜೆಟ್ಟಲ್ಲೂ ಜೀನ್ಸ್ ಪಾರ್ಕ್ ಅನ್ನೋ ಮಾತು ಬಂತು, ಸಂಜೀವರಾಯನಕೋಟೆ ಕಡೆ ಜಾಗ ಅಂದ್ರು. ಮುಂಡರಗಿಯಲ್ಲಿ ಹಳೇ ಅಪಾರೆಲ್ ಪಾರ್ಕ್ ಮೊದಲೇ ಐತೆ, ಅದನ್ನ ಒಂದ್ಸಲ ನೋಡ್ಕಂಡು ಬಂದ್ರೆ ಹೊಸದು ಹೆಂಗಿರಬಾರ್ದು ಅಂತ ಗೊತ್ತಾಗ್ತೈತೆ. ನಂಗೆ ಪಾರ್ಕ್ ಬೇಡ ಅಂತಲ್ಲ. ಆದ್ರೆ ಪಾರ್ಕಿಗೆ ಹೋಗೋನು ಸೈಟ್ ತಗಂಡು, ಕಟ್ಟಡ ಕಟ್ಟಿ, ಐವತ್ತು ನೂರು ಮಷೀನ್ ಹಾಕೋನು. ಒಂಬತ್ತು ಮಷೀನಿನೋನು ಸಂಜೀವರಾಯನಕೋಟೆಗೆ ಹೋಗಿ ಏನ್ ಮಾಡ್ಬೇಕು, ದಾರ ಕತ್ತರಿಸೋ ರೇಣುಕಮ್ಮ ಮನೇಲಿ ಮಗು ಮಲಗ್ಸಿ ಪಕ್ಕದ ಓಣಿಯಿಂದ ಬರ್ತಾಳೆ, ಅಷ್ಟು ದೂರ ಬರ್ತಾಳಾ?

ನಮಗೆ ಬೇಕಿರೋದು ತೊಳೆಯೋ ಜಾಗ. ಸಾಹೇಬ್ರೆ, ತೊಳೆಯದಿರೋ ಜೀನ್ಸ್ ಪ್ಯಾಂಟ್ ನೋಡೀರಾ? ಹೊಲಿದ ತಕ್ಷಣ ಅದು ರಟ್ಟಿನಂಗೆ ಇರ್ತೈತೆ, ನೆಲದ ಮೇಲೆ ನಿಲ್ಸಿದ್ರೆ ಒಳಗೆ ಕಾಲಿದ್ದಂಗೆ ತಾನೇ ನಿಲ್ತೈತೆ, ಒಬ್ರೂ ಹಾಕ್ಕಳಲ್ಲ. ಅದನ್ನ ವಾಷಿಂಗಿಗೆ ಕಳ್ಸಿ, ಗಂಜಿ ಬಿಡ್ಸಿ, ಕಲ್ಲು ಹಾಕಿ ತಿರುವಿ, ಬ್ಲೀಚು, ಸಾಫ್ಟ್‌ನರು ಎಲ್ಲಾ ಆದ್ಮೇಲೆನೇ ಅದು ಪ್ಯಾಂಟ್ ಆಗೋದು. ಆ ನೀರು ನೀಲಿ. ಅದನ್ನ ಹಂಗೇ ಮೋರಿಗೆ ಬಿಡಬಾರ್ದು, ಬಿಟ್ರೆ ಬೋರ್‌ವೆಲ್ ಕೆಡ್ತೈತೆ, ಅದೇ ನೀರನ್ನ ನಮ್ಮ ಮಕ್ಕಳೂ ಕುಡಿಯೋದು, ಹಂಗಾಗಿ ಮಾಲಿನ್ಯದ ನಿಯಮ ಬಿಗಿ ಮಾಡಿದ್ದು ತಪ್ಪು ಅಂತ ನಾನು ಎಲ್ಲೂ ಹೇಳಲ್ಲ, ಸೇಠುಗಳು ಹೇಳ್ತಾರೆ, ಅವರ ಜೊತೆ ನಂದು ಜಗಳನೂ ಆಗೈತೆ. ಆದ್ರೆ ನೀರು ಸೋಸೋ ಪ್ಲಾಂಟ್ ಹಾಕೋ ಶಕ್ತಿ ಎರಡು ಡ್ರಮ್ಮಿನ ವಾಷಿಂಗ್‌ನವನಿಗೆ ಎಲ್ಲೈತೆ? ಅವ್ನು ಬಾಗ್ಲು ಹಾಕಿದ ವಾರ ನಮ್ಮ ಶೆಡ್ಡಲ್ಲಿ ರಟ್ಟಿನ ಪ್ಯಾಂಟ್ ಸೂರಿನ ತನಕ ಪೇರ್ಸಿರ್ತೀವಿ, ಸೇಠು ಮಾಲು ಎತ್ತಲ್ಲ, ಎತ್ತದೆ ದುಡ್ಡು ಕೊಡಲ್ಲ, ಶನಿವಾರ ಟೇಲರ್ರಿಗೆ ಬಟವಾಡೆ ಮಾಡಕ್ಕೆ ನಾನು ಒಡವೆ ಅಂಗಡಿಗೆ ಹೋಗ್ತೀನಿ. ಎಲ್ಲರಿಗೂ ಸೇರಿ ಒಂದೇ ದೊಡ್ಡ ನೀರು ಸೋಸೋ ಘಟಕ, ತೊಳೆದಷ್ಟಕ್ಕೆ ಪೀಸಿಗೆ ಇಷ್ಟು ಅಂತ ಫೀಸು, ಇಷ್ಟು ಮೊದ್ಲು ಕಟ್ರಿ. ರಾಜಧಾನಿ ಆಮೇಲೆ ಕಟ್ಟೋಣ. ಗಣಿ ದುಡ್ಡು ಸಾವಿರಾರು ಕೋಟಿ ಈ ಜಿಲ್ಲೆಗಳ ಹೆಸರಲ್ಲೇ ಐತಲ್ಲ, ಮಣ್ಣು ಧೂಳು ತಿಂದಿದ್ದಕ್ಕೆ ಅಂತ.

ಕರೆಂಟಿನ ವಿಷ್ಯ ಜಾಸ್ತಿ ಎಳೆಯಲ್ಲ. ನಮ್ಮ ಕುಡತಿನಿಯ ಕಲ್ಲಿದ್ದಲು ಕರೆಂಟ್ ಪ್ಲಾಂಟಲ್ಲಿ 1,700 ಮೆಗಾವ್ಯಾಟ್, ರಾಯಚೂರು ಶಕ್ತಿನಗರದಲ್ಲಿ 1,720, ಯರಮರಸಲ್ಲಿ 1,600, ಬೂದಿ ನಮಗೆ ಬೆಳಕು ನಿಮಗೆ ಅಂತ ಇಲ್ಲಿ ಎಲ್ರೂ ಹೇಳೋದೇ. ನಂದು ಬೇರೆ ತಕರಾರು. ಮಷೀನ್ ಓಡ್ಲಿ ಬಿಡ್ಲಿ ಫಿಕ್ಸೆಡ್ ಚಾರ್ಜ್ ಬಂದೇ ಬರ್ತೈತೆ, ಮಾಲಿಲ್ಲದ ಎರಡು ತಿಂಗಳೂ ಬರ್ತೈತೆ, ನಂದು ಎರಡು ಮೀಟರ್ ಆದ್ದರಿಂದ ಎರಡು ಸಲ ಬರ್ತೈತೆ. 2025ರ ಏಪ್ರಿಲಿಂದ ಕರೆಂಟ್ ಕಂಪನಿ ನೌಕರರ ಪೆನ್ಷನ್ನು ಗ್ರಾಚ್ಯುಟಿಗೆ ಅಂತ ಯೂನಿಟ್ಟಿಗೆ 36 ಪೈಸೆ ಬೇರೆ ಸೇರ್ತು. ಇದನ್ನ ಓದಿ ಹೇಳಿದ್ದು ನಮ್ಮ ಕಟಿಂಗ್ ಮಾಸ್ಟರ್ರು, 61 ವರ್ಷ, ಪೆನ್ಷನ್ ಅಂದ್ರೆ ಏನು ಅಂತ ಬಿಲ್ಲಲ್ಲಿ ನೋಡ್ದೆ ಅಂತ ನಕ್ರು. ನಂಗೆ ನಗು ಬರ್ಲಿಲ್ಲ.

ಕೆಲ್ಸದ ಬಗ್ಗೆ ನಿಮ್ಮ ಸರ್ಕಾರ ದೊಡ್ಡ ದೊಡ್ಡ ನಂಬರ್ ಹೇಳ್ತೈತೆ. ಹೊಸ ಕೈಗಾರಿಕಾ ನೀತಿ 2025–30ರಲ್ಲಿ 20 ಲಕ್ಷ ಉದ್ಯೋಗ ಅಂತ, 2025ರ ಫೆಬ್ರವರಿಯ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ಬರ್ತೈತೆ ಅಂತ. ಬರ್ಲಿ. ಆ ಕೋಟಿಗೆ ಎಷ್ಟು ಕೈ ಅನ್ನೋದು ಮುಖ್ಯ. ಒಂದು ಸ್ಟೀಲ್ ಪ್ಲಾಂಟಿಗೆ ಸಾವಿರಾರು ಕೋಟಿ ಹಾಕಿ ಎಷ್ಟು ಜನಕ್ಕೆ ಕೆಲ್ಸ ಕೊಡ್ತಾರೋ ಅದನ್ನ ಲೆಕ್ಕ ಹಾಕ್ರಿ, ನಾನು ಡಬಲ್ ನೀಡಲ್ ಒಂದಕ್ಕೆ ಹಾಕಿದ ದುಡ್ಡನ್ನೂ ಲೆಕ್ಕ ಹಾಕ್ರಿ. ಕೊಪ್ಪಳದಲ್ಲಿ 2025ರ ಫೆಬ್ರವರಿಯಲ್ಲಿ ಊರಿಗೆ ಊರೇ ಬಂದ್ ಮಾಡಿ, ಗವಿಮಠದ ಸ್ವಾಮಿಗಳೇ ಬೀದಿಗಿಳಿದು ಇನ್ನೊಂದು ಫ್ಯಾಕ್ಟರಿ ಬೇಡ ಅಂದ್ರಲ್ಲ, ಕೆಲ್ಸ ಬೇಡ ಅಂತ ಅಂದಿದ್ದಲ್ಲ ಅದು, ಹೊಗೆ ನಮಗೆ ಕೆಲ್ಸ ಯಾರಿಗೋ ಅನ್ನೋ ಸಿಟ್ಟು. 2024ರ ಜುಲೈ 16ರ ಸುಮಾರಿಗೆ ಸ್ಥಳೀಯರಿಗೆ ಮ್ಯಾನೇಜ್‌ಮೆಂಟಲ್ಲಿ 50, ಉಳಿದಿದ್ದರಲ್ಲಿ 70 ಪರ್ಸೆಂಟ್ ಅಂತ ಮಸೂದೆ ತಂದ್ರಿ, ಬೆಂಗಳೂರಿನ ಕಂಪನಿಗಳು ಗದ್ಲ ಮಾಡಿದ ಕೂಡ್ಲೇ ಎತ್ತಿಟ್ರಿ. ಅದು ಸರಿನೋ ತಪ್ಪೋ ಕೋರ್ಟು ನೋಡ್ತಿತ್ತು, ನಂಗೆ ಅದರ ಮೇಲೆ ಅಂಥ ಆಸೆ ಇಲ್ಲ. ನಮ್ಮ ಶೆಡ್ಡಿಗೆ ಬಂದ್ರೆ ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಕೇಳ್ತೈತೆ, ಎಲ್ರೂ ಇಲ್ಲೇ ಹುಟ್ಟಿದೋರು, ಮಸೂದೆ ಇಲ್ಲದೇನೇ ನೂರಕ್ಕೆ ನೂರು.

ನಮ್ಮಕ್ಕನ ಮಗ ಬಿಕಾಂ ಮಾಡಿದಾನೆ. ಯುವನಿಧಿ ತಿಂಗಳಿಗೆ 3,000 ಬರ್ತಿತ್ತು, ಆ ಟೈಮಲ್ಲಿ ನನ್ನ ಶೆಡ್ಡಲ್ಲಿ ಲೆಕ್ಕ ಬರಿಯೋ ಬಾ ಅಂದ್ರೆ ಮಾಮಾ ಇಲ್ಲಿ ಬಂದ್ರೆ ನಿಧಿ ಹೋಗ್ತೈತೆ ಅಂದ. ತಪ್ಪು ಅವಂದಲ್ಲ, ನಾನು ಕೊಡೋ ಕೆಲ್ಸಕ್ಕೆ ಸ್ಲಿಪ್ಪಿಲ್ಲ, ಪಿಎಫ್ ಇಲ್ಲ, ನಾಳೆ ಹೆಣ್ಣು ನೋಡಕ್ಕೆ ಹೋದ್ರೆ ಏನ್ ಹೇಳ್ಬೇಕು ಅವ್ನು. ಈಗ ಬೆಂಗಳೂರಲ್ಲಿ ಡೆಲಿವರಿ ಮಾಡ್ತಾನೆ. ಶಕ್ತಿ ಯೋಜನೆ ಮಾತ್ರ ನಮಗೆ ಬಾಳ ಅನುಕೂಲ ಆಗೈತೆ, ಯಾರೇನೇ ಅನ್ಲಿ, ಮೋಕಾ ಕಡೆಯಿಂದ, ಕುರುಗೋಡು ಕಡೆಯಿಂದ ನಾಲ್ಕು ಜನ ಹೆಣ್ಮಕ್ಕಳು ಬಸ್ಸಿಗೆ ಬರ್ತಾರೆ, ಮೊದ್ಲು ಬರೋ ಕೂಲಿಯಲ್ಲಿ ಕಾಲು ಭಾಗ ಬಸ್ಸಿಗೇ ಹೋಗ್ತಿತ್ತು. ಅದನ್ನ ಹೊಗಳಿ ಬರೆದಿದ್ದಕ್ಕೆ ನಮ್ಮ ಓಣಿಯಲ್ಲಿ ಕೆಲವರು ನಂಗೆ ನೀನು ಪಾರ್ಟಿಯವ್ನು ಅಂತಾರೆ, ಅನ್ಲಿ.

ಡೆಲಿವರಿ ಅಂದ್ನಲ್ಲ, ನಾನು ಹೇಳ್ಬೇಕಾಗಿರೋ ಮಾತು ಅಲ್ಲೇ ಐತೆ. ಆ ಹುಡುಗರಿಗೆ ನೀವು 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿದ್ರಿ. ಆರ್ಡರ್ ಒಂದಕ್ಕೆ ಕೊಡೋ ದುಡ್ಡಿನ ಮೇಲೆ 1ರಿಂದ 5 ಪರ್ಸೆಂಟ್ ಕಂಪನಿಯವರು ಆ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಟ್ಬೇಕು, ಹುಡುಗ ಬೆಳಿಗ್ಗೆ ಒಂದು ಆಪು ಸಾಯಂಕಾಲ ಇನ್ನೊಂದು ಆಪಲ್ಲಿ ಓಡಿದ್ರೂ ಲೆಕ್ಕ ಅವ್ನ ಹೆಸರಲ್ಲೇ. ಕಟ್ಟಡ ಕೆಲ್ಸದೋರಿಗೂ ಹಂಗೇ, ಕಟ್ಟೋ ಖರ್ಚಿನ ಮೇಲೆ 1 ಪರ್ಸೆಂಟ್ ಸೆಸ್ಸು, ಮೇಸ್ತ್ರಿ ಹತ್ರ ಎಷ್ಟು ಜನ ಅಂತ ತಲೆ ಎಣಿಸಿ ಸೆಸ್ಸು ಹಾಕಲ್ಲ. ನಮ್ಮ ಟೇಲರ್ರೂ ಅಂಥೋರೇ ಸಾಹೇಬ್ರೆ. ಸೋಮವಾರ ನನ್ನ ಹತ್ರ, ಗುರುವಾರ ಮಾಲು ಮುಗೀತು ಅಂದ್ರೆ ಬ್ರೂಸ್‌ಪೇಟೆಯಲ್ಲಿ ಇನ್ನೊಬ್ರ ಹತ್ರ. ಇಎಸ್‌ಐಯಲ್ಲಿ ಕಾಯಿಲೆ ದುಡ್ಡು ಸಿಗಬೇಕಂದ್ರೆ ಆರು ತಿಂಗಳಲ್ಲಿ 78 ದಿನದ ವಂತಿಗೆ ಬಿದ್ದಿರಬೇಕು, ಹೋದಲ್ಲೆಲ್ಲಾ ಒಂಬತ್ತೇ ಜನ ಇರೋ ಶೆಡ್ಡು ಆದ್ರೆ 78 ದಿನ ಎಲ್ಲಿಂದ ಬರ್ತೈತೆ? ಒಂದು ದಿನಾನೂ ಬರಲ್ಲ. ಹತ್ತರ ಒಳಗಿದ್ರೂ ಇಷ್ಟ ಇದ್ದೋರು ಸೇರಬಹುದು ಅಂತ ಹೊಸ ಕೋಡಲ್ಲಿ ಐತಂತೆ, ನಾನು ಸೇರ್ತೀನಿ ಅಂತಿಟ್ಕಳ್ರಿ, ಗುರುವಾರ ಅವ್ನು ಹೋಗೋ ಶೆಡ್ಡಿನವ್ನು ಸೇರಬೇಕಲ್ಲ.

ತಲೆ ಎಣಿಸೋದು ಬಿಟ್ಟು ಪ್ಯಾಂಟ್ ಎಣಿಸ್ರಿ. ಬಳ್ಳಾರಿಯಲ್ಲಿ ಜಾಬ್‌ವರ್ಕಿಗೆ ಮಾಲು ಕೊಡೋ ಸೇಠು ಒಂದು ಪ್ಯಾಂಟಿಗೆ 2 ರೂಪಾಯಿ ಕಟ್ಲಿ, ನಾನು 1 ರೂಪಾಯಿ ಕಟ್ತೀನಿ, ನನ್ನ 10ರಲ್ಲಿ 9 ಉಳೀಲಿ ಪರವಾಗಿಲ್ಲ. ಅವ್ನು ಮಾಲು ಕಳ್ಸೋವಾಗ ಹೆಂಗೂ ಚಲನ್ ಬರೀತಾನೆ, ಎಷ್ಟು ಪೀಸ್ ಅಂತ ಅದರಲ್ಲೇ ಇರ್ತೈತೆ, ಹೊಸ ರಿಜಿಸ್ಟರ್ ಬೇಕಿಲ್ಲ. ಆ ದುಡ್ಡು ಟೇಲರ್ ಹೆಸರಲ್ಲಿ ಬೀಳ್ಲಿ, ಅವ್ನು ಯಾರ ಶೆಡ್ಡಲ್ಲಿದ್ರೂ ಕಾರ್ಡ್ ಒಂದೇ, ಬೆರಳಿಗೆ ಸೂಜಿ ಹೊಕ್ಕ ದಿನ ಅದನ್ನ ತೋರ್ಸಿದ್ರೆ ಆಸ್ಪತ್ರೆ ಬಾಗ್ಲು ತೆಗೀಬೇಕು. ಹಂಗೆ ಮಾಡಿದ್ರೆ ನನ್ನ ಹತ್ರ ಒಂಬತ್ತು ಜನಾನಾ ಹತ್ತೊಂಬತ್ತಾ ಅಂತ ನೀವೂ ಎಣಿಸಬೇಕಿಲ್ಲ, ನಾನೂ ಬಚ್ಚಿಡಬೇಕಿಲ್ಲ. ನಾನು ನಾಳೆನೇ ಪಕ್ಕದ ಓಣಿ ಶೆಡ್ ಖಾಲಿ ಮಾಡಿ ಆ ಐದು ಮಷೀನ್ ಇಲ್ಲಿ ತಂದು ಹಾಕ್ತೀನಿ. ಸೇಠುಗಳು ಒಪ್ಪಲ್ಲ ಅಂತ ಗೊತ್ತು, 2 ರೂಪಾಯಿಗೆ ಹಿಂದೂಪುರ ಅಂತಾರೆ ಸೊಲ್ಲಾಪುರ ಅಂತಾರೆ, ಮಾಲು ಅಲ್ಲಿಗೆ ಒಯ್ತೀವಿ ಅಂತ ಹೆದರಿಸ್ತಾರೆ, ನೀರಿನ ಘಟಕ ಇಲ್ಲಿ ಕಟ್ಟಿದ್ರೆ ಎಲ್ಲಿಗೂ ಹೋಗಲ್ಲ ಅವರು, ತೊಳೆಯೋ ಜಾಗ ಎಲ್ಲೈತೋ ಮಾಲು ಅಲ್ಲೇ.

ಟ್ರೇಡ್ ಲೈಸೆನ್ಸ್ ರಿನ್ಯೂವಲ್ ಅಂತ ಒಂದು ಕಚೇರಿಗೆ ಮೂರು ಸಲ ಅಲೆದಿದ್ದೂ ಬರೀಬೇಕು ಅನ್ಕಂಡಿದ್ದೆ, ಮೊದಲ್ನೇ ಸಲ ಸರ್ವರ್ ಇಲ್ಲ, ಎರಡನೇ ಸಲ ಶೆಡ್ಡಿನ ನಕ್ಷೆ ತಾ ಅಂದ್ರು, ನಮ್ಮ ಮಾಲೀಕರ ಅಜ್ಜ ಕಟ್ಸಿದ ಶೆಡ್ಡಿಗೆ ನಕ್ಷೆ ಎಲ್ಲಿಂದ ತರ್ಲಿ, ಮೂರನೇ ಸಲ ಏನಾಯ್ತು ಅಂತ ಇಲ್ಲಿ ಬರೆದ್ರೆ ನಾಲ್ಕನೇ ಸಲ ಹೋಗಕ್ಕಾಗಲ್ಲ, ಅದಕ್ಕೇ ಬಿಟ್ಟೆ.

ನೀವು ಈ ಕಡೆ ಬಂದಾಗ ಜಿಲ್ಲಾಡಳಿತದವರು ದೊಡ್ಡ ಯೂನಿಟ್ ತೋರಿಸ್ತಾರೆ, ಹೂವಿನ ಹಾರ ಇರ್ತೈತೆ. ಅದು ಮುಗ್ಸಿ ಹತ್ತು ನಿಮಿಷ ಕೌಲ್ ಬಜಾರಿಗೂ ಬರ್ರಿ. ಕಾರು ಓಣಿಯಲ್ಲಿ ಹೋಗಲ್ಲ, ಮೂಲೆಯಲ್ಲಿ ಮಿರ್ಚಿ ಗಾಡಿ ಹತ್ರ ಇಳಿದು ನಡೀಬೇಕು, ನಿಮಗೆ ನಡೆಯೋದು ಹೊಸದಲ್ಲ. ಮಿರ್ಚಿ ತಗಂಡ್ರೆ ಚಿಲ್ಲರೆ ಇಟ್ಕಂಡು ಬರ್ರಿ. ರಂಜಾನ್ ಮಾಲು ಶುರು ಆಗ್ತೈತೆ ಈಗ, ನಿನ್ನೆ ಸೇಠು ಫೋನ್ ಮಾಡಿ ಇನ್ನೂ ಎರಡು ಸಾವಿರ ಪೀಸ್ ಹಿಡೀತೀಯಾ ಅಂದ, ಸಂಜೆ ಹೇಳ್ತೀನಿ ಅಂದೀನಿ.

ಇಂತಿ,
ಒಬ್ಬ ಜಾಬ್‌ವರ್ಕ್ ಟೇಲರ್, ಈಗ ಒಂಬತ್ತು ಮಷೀನಿನ ಮಾಲೀಕ
ಕೌಲ್ ಬಜಾರ್, ಬಳ್ಳಾರಿ